ಒಂದೇ ಹಾಡು, ಎರಡು ರಾತ್ರಿ: ಸ್ಯಾಮ್ ಕುಕ್ ವೇದಿಕೆ ಮೇಲೆ ಇಷ್ಟು ಬೇರೆ ಯಾಕೆ?

ಕಡಲತಡಿ
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಒಂದೇ ವಿಷಯ ತಲೆ ತಿನ್ನುತ್ತಿದೆ. ಕೇಳಲು ಮನೆಯಲ್ಲಿ ಯಾರೂ ಇಲ್ಲ, ಹಾಗಾಗಿ ಇಲ್ಲಿ ಹಾಕುತ್ತಿದ್ದೇನೆ.

ಐವತ್ತು-ಅರವತ್ತರ ದಶಕದ ಅಮೆರಿಕದ ಕರಿಯ ಗಾಯಕ ಸ್ಯಾಮ್ ಕುಕ್ ಹಾಡುಗಳನ್ನು ಕಾಲೇಜು ದಿನಗಳಿಂದ ಕೇಳುತ್ತಾ ಬಂದಿದ್ದೇನೆ. ‘ಯು ಸೆಂಡ್ ಮಿ’, ‘ಕ್ಯೂಪಿಡ್’, ‘ಬ್ರಿಂಗ್ ಇಟ್ ಆನ್ ಹೋಮ್ ಟು ಮಿ’. ನನ್ನ ಮಟ್ಟಿಗೆ ಆತನ ದನಿ ಅಂದರೆ ಬೆಣ್ಣೆ. ರಾತ್ರಿ ಮಲಗುವ ಮುಂಚೆ ಕೇಳುವಂಥದ್ದು. ಕಳೆದ ವಾರ ಮಂಗಳೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬರುವಾಗ ‘ಲೈವ್ ಅಟ್ ದ ಹಾರ್ಲೆಮ್ ಸ್ಕ್ವೇರ್ ಕ್ಲಬ್, 1963’ ಅನ್ನುವ ಆಲ್ಬಮ್ ಹಾಕಿದೆ. ಶಿರಾಡಿ ಘಾಟಿ ಮುಗಿಯುವುದರೊಳಗೆ ಎರಡು ಸಲ ಪೂರ್ತಿ ಕೇಳಿದ್ದೆ.

ಇದು ಅದೇ ಮನುಷ್ಯನಾ? ದನಿ ಒರಟು. ಗಂಟಲು ಕಿತ್ತು ಬರುವ ಹಾಗೆ ಕೂಗುತ್ತಾನೆ, ನಗುತ್ತಾನೆ, ಜನರನ್ನು ಮಾತಾಡಿಸುತ್ತಾನೆ. ‘ಬ್ರಿಂಗ್ ಇಟ್ ಆನ್ ಹೋಮ್’ ರೆಕಾರ್ಡಿನಲ್ಲಿ ಮೂರು ನಿಮಿಷವೂ ಇಲ್ಲ. ಇಲ್ಲಿ ಐದು ನಿಮಿಷ ದಾಟುತ್ತದೆ. ಮಾತು ಅದೇ, ಧಾಟಿ ಹೆಚ್ಚು ಕಡಿಮೆ ಅದೇ. ಆದರೆ ರೆಕಾರ್ಡಿನಲ್ಲಿ ಅದು ಬೇಸರದಲ್ಲಿ ಒಬ್ಬನೇ ಕೂತು ಹಾಡಿದ ಹಾಡು. ಇಲ್ಲಿ ಊರಿನ ಮುಂದೆ ನಿಂತು ಕೇಳಿಕೊಂಡ ಹಾಗಿದೆ.

ನನ್ನ ಪ್ರಶ್ನೆ ಇಷ್ಟೇ. ವೇದಿಕೆ ಹತ್ತಿದಾಗ ಬದಲಾಗುವುದು ಏನು? ಹಾಡಾ, ಹಾಡುವವನಾ, ಅಥವಾ ಕೇಳುವವರಾ?

ರೆಕಾರ್ಡ್‌ಪೆಟ್ಟಿಗೆ
ಒಳ್ಳೆಯ ಪ್ರಶ್ನೆ. ಉತ್ತರ ಕೊಡುವ ಮುಂಚೆ ಒಂದು ಸಂಗತಿ ಗೊತ್ತಿರಲಿ. ಆ ಕಾರ್ಯಕ್ರಮ ನಡೆದದ್ದು 1963ರ ಜನವರಿ 12ರಂದು. ಆಲ್ಬಮ್ ಹೊರಬಂದದ್ದು 1985ರಲ್ಲಿ. ಇಪ್ಪತ್ತೆರಡು ವರ್ಷ ಟೇಪು ಪೆಟ್ಟಿಗೆಯಲ್ಲಿ ಕೂತಿತ್ತು. ಅವರ ರೆಕಾರ್ಡು ಹೊರತರುತ್ತಿದ್ದ ಆರ್‌ಸಿಎ ಕಂಪನಿಯವರಿಗೆ ಅದು ತೀರಾ ಒರಟಾಗಿ ಕೇಳಿಸಿತು. ಬೆಣ್ಣೆ ದನಿಯ ಹುಡುಗ ಅಂತ ಮಾರುತ್ತಿದ್ದವನನ್ನು ಹೀಗೆ ತೋರಿಸಿದರೆ ಬಿಳಿಯ ಗಿರಾಕಿಗಳು ಓಡಿಹೋಗುತ್ತಾರೆ ಅನ್ನುವ ಭಯ. ಸ್ಯಾಮ್ ಕುಕ್ 1964ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಈ ಆಲ್ಬಮ್ಮನ್ನು ಅವರು ಅಂಗಡಿಯಲ್ಲಿ ನೋಡಲೇ ಇಲ್ಲ.

ಗಿಟಾರ್‌ಗಿರಿ
ನ್ಯೂಯಾರ್ಕಿನ ಹಾರ್ಲೆಮ್ ಜನ ಅಂದರೆ ಸುಮ್ನೆನಾ! ಆ ಊರಿನ ಗಾಳಿಯೇ ಹಾಗೆ.

ರೆಕಾರ್ಡ್‌ಪೆಟ್ಟಿಗೆ
ಗಿರಿ, ನ್ಯೂಯಾರ್ಕ್ ಅಲ್ಲ. ಹಾರ್ಲೆಮ್ ಸ್ಕ್ವೇರ್ ಕ್ಲಬ್ ಇದ್ದದ್ದು ಫ್ಲಾರಿಡಾದ ಮಯಾಮಿಯಲ್ಲಿ, ಓವರ್‌ಟೌನ್ ಅನ್ನುವ ಕರಿಯರ ಬಡಾವಣೆಯಲ್ಲಿ.

ನ್ಯೂಜೆರ್ಸಿ ಕನ್ನಡತಿ
ಓವರ್‌ಟೌನ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಈ ಹಾಡು ಹೀಗಾದದ್ದಕ್ಕೆ ಜಾಗವೂ ಕಾರಣ. ಆ ಕಾಲದಲ್ಲಿ ಕರಿಯ ಗಾಯಕರು ಮಯಾಮಿ ಬೀಚಿನ ದೊಡ್ಡ ಹೋಟೆಲುಗಳಲ್ಲಿ ಹಾಡಬಹುದಿತ್ತು, ಅಲ್ಲೇ ತಂಗಲು ಬಿಡುತ್ತಿರಲಿಲ್ಲ. ಹಾಡು ಮುಗಿಸಿ ನೀರು ದಾಟಿ ಓವರ್‌ಟೌನ್‌ಗೆ ಬರುತ್ತಿದ್ದರು. ಅಲ್ಲಿ ತಮ್ಮವರ ನಡುವೆ ಮತ್ತೆ ಹಾಡುತ್ತಿದ್ದರು. ಅಲ್ಲಿ ಯಾರನ್ನೂ ಮೆಚ್ಚಿಸುವ ಒತ್ತಡ ಇಲ್ಲ. ಮುಂದೆ ಅರವತ್ತರ ದಶಕದಲ್ಲೇ ಹೆದ್ದಾರಿ ಬಂತು. ಬಡಾವಣೆಯ ನಟ್ಟನಡುವೆ ಕಾಂಕ್ರೀಟು ಹಾಯಿಸಿದರು. ಸಾವಿರಾರು ಜನ ಮನೆ ಬಿಟ್ಟು ಹೋದರು. ಆ ಆಲ್ಬಮ್ಮಿನಲ್ಲಿ ಕೂಗುವ ಜನರ ದನಿ ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಸೌಂಡ್‌ಚೆಕ್
ನಾನು ಬೆಂಗಳೂರಿನಲ್ಲಿ ಲೈವ್ ಸೌಂಡ್ ಕೆಲಸ ಮಾಡುತ್ತೇನೆ, ಹದಿನಾಲ್ಕು ವರ್ಷ ಆಯಿತು. ಕಡಲತಡಿ ಹೇಳಿದ ‘ಒರಟು’ ಬಗ್ಗೆ ನನ್ನದೊಂದು ಮಾತು.

ಸ್ಟುಡಿಯೋದಲ್ಲಿ ಗಾಯಕ ಮೈಕಿಗೆ ಎಷ್ಟು ದೂರ ಇರಬೇಕು ಅಂತ ಒಬ್ಬ ಹೇಳುತ್ತಾನೆ. ಜೋರು ಹೋದರೆ ಮತ್ತೊಂದು ಟೇಕ್. ಕ್ಲಬ್ಬಿನಲ್ಲಿ ಹಾಗಿಲ್ಲ. ಡ್ರಮ್ಮು ಬೆನ್ನ ಹಿಂದೆಯೇ ಇದೆ. ಅದರ ಸದ್ದು ಗಾಯಕನ ಮೈಕಿಗೂ ನುಗ್ಗುತ್ತದೆ. ತನ್ನ ದನಿ ತನಗೇ ಕೇಳಬೇಕಾದರೆ ಅವನು ಜೋರಾಗಿ ಹಾಡಲೇಬೇಕು. ಆಗ ಸದ್ದು ಮೈಕಿನ ಅಳತೆ ಮೀರಿ ಅಂಚಿನಲ್ಲಿ ಹರಿಯುತ್ತದೆ, ಅಂದರೆ ಒಡೆದು ಕರಕರ ಕೇಳಿಸುತ್ತದೆ. ನಾವು ‘ಭಾವ’ ಅನ್ನುವುದರಲ್ಲಿ ಸ್ವಲ್ಪ ಪಾಲು ಈ ಹರಿಯುವಿಕೆಯದು.

ಇನ್ನೊಂದು. ಈ ಆಲ್ಬಮ್ಮಿಗೆ ಒಂದಕ್ಕಿಂತ ಹೆಚ್ಚು ಮಿಕ್ಸ್ (ದನಿ, ವಾದ್ಯ, ಗದ್ದಲವನ್ನು ಬೆರೆಸಿದ ಹದ) ಇವೆ. ಒಂದರಲ್ಲಿ ಜನರ ಗದ್ದಲ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಗದ್ದಲ ತಗ್ಗಿಸಿದ ಮಿಕ್ಸ್ ಕೇಳಿ ನೋಡಿ. ಅದೇ ರಾತ್ರಿ, ಅದೇ ಹಾಡು, ಅರ್ಧ ಬಿಸಿ ಇಳಿದಿರುತ್ತದೆ. ನಾವು ಕೇಳುತ್ತಿರುವುದು ಬರೀ ಆ ರಾತ್ರಿಯನ್ನಲ್ಲ. ಆ ರಾತ್ರಿಯನ್ನು ಮುಂದೆ ಯಾರೋ ಕೂತು ಹದ ಮಾಡಿದ್ದನ್ನು.

ತಂಬೂರಿ
ಸೌಂಡ್‌ಚೆಕ್ ಸರ್, ಇದು ಒಪ್ಪಲಾಗದ ಮಾತು. ಮೈಕ್ ಹರಿದರೆ ಭಾವ ಬರುತ್ತದೆ ಅಂದರೆ ನಮ್ಮೂರ ಜಾತ್ರೆಯ ಮೈಕ್ ಸೆಟ್ಟಿನಲ್ಲಿ ಹಾಡಿದವರೆಲ್ಲ ಸ್ಯಾಮ್ ಕುಕ್ ಆಗಬೇಕಿತ್ತು.

ಸೌಂಡ್‌ಚೆಕ್
ಸ್ವಲ್ಪ ಪಾಲು ಅಂದೆ, ಎಲ್ಲ ಅಂದಿಲ್ಲ.

ತಂಬೂರಿ
ಸರಿ, ಹಾಗಾದರೆ ಮುಖ್ಯ ಪಾಲು ಎಲ್ಲಿಂದ ಬಂತು? ಚರ್ಚಿನಿಂದ. ಸ್ಯಾಮ್ ಕುಕ್ ಪಾಪ್ ಹಾಡುಗಾರ ಆಗುವ ಮುಂಚೆ 1950ರಿಂದ ಆರೇಳು ವರ್ಷ ‘ಸೋಲ್ ಸ್ಟಿರರ್ಸ್’ ಅನ್ನುವ ಗಾಸ್ಪೆಲ್ ತಂಡದ ಮುಖ್ಯ ಹಾಡುಗಾರ. ಊರೂರು ಸುತ್ತಿ ದೇವರ ಹಾಡು ಹಾಡಿದವರು. ಗಾಸ್ಪೆಲ್ ಸಭೆಯಲ್ಲಿ ಹಾಡು ಬರೆದಷ್ಟಕ್ಕೆ ಮುಗಿಯುವುದಿಲ್ಲ. ಒಂದು ಸಾಲು ಹಿಡಿದು ಸುತ್ತಿ ಸುತ್ತಿ ಹಾಡುತ್ತಾರೆ, ತಂಡದವರು ಹಿಂದಿನಿಂದ ತಳ್ಳುತ್ತಾರೆ, ಸಭೆ ಏಳುವ ತನಕ ಬಿಡುವುದಿಲ್ಲ. 1955ರಲ್ಲಿ ಲಾಸ್ ಏಂಜಲೀಸ್‌ನ ಶ್ರೈನ್ ಆಡಿಟೋರಿಯಂನಲ್ಲಿ ಆ ತಂಡ ಹಾಡಿದ್ದರ ರೆಕಾರ್ಡಿಂಗ್ ಇದೆ. ‘ನಿಯರರ್ ಟು ದೀ’ ಕೇಳಿ. ಹಾರ್ಲೆಮ್ ಸ್ಕ್ವೇರ್‌ನ ಆ ಒರಟು ದನಿ ಅಲ್ಲಿ ಎಂಟು ವರ್ಷ ಮುಂಚೆಯೇ ಇದೆ.

ಅಂದರೆ ಮಯಾಮಿಯಲ್ಲಿ ಆತ ಹೊಸ ಮನುಷ್ಯ ಆಗಲಿಲ್ಲ. ಹಳೆಯ ಮನುಷ್ಯನಾಗಿ ವಾಪಸು ಬಂದ. ರೆಕಾರ್ಡಿನ ಬೆಣ್ಣೆಯೇ ಹೊಸದು.

ಕಡಲತಡಿ
ತಂಬೂರಿ, ಇದನ್ನು ಓದಿ ಈಗ ತಾನೇ ಶ್ರೈನ್ ರೆಕಾರ್ಡಿಂಗ್ ಕೇಳಿದೆ. ಮೈ ಜುಂ ಅಂತು. ನೀವು ಹೇಳಿದ್ದು ನಿಜ. ಹತ್ತು ವರ್ಷದಿಂದ ಈ ದನಿ ಕೇಳುತ್ತಾ ಇದು ನನಗೆ ಗೊತ್ತೇ ಇರಲಿಲ್ಲವಲ್ಲ!

ಒಂಟಿಕೊಪ್ಪಲ್
ಇಲ್ಲಿ ಎಲ್ಲರೂ ಲೈವ್ ಮೇಲು, ಸ್ಟುಡಿಯೋ ಕೀಳು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಇದು ನನಗೆ ಹಿಡಿಸುವುದಿಲ್ಲ.

ಅದೇ ಸ್ಯಾಮ್ ಕುಕ್ ಅವರ ‘ಅ ಚೇಂಜ್ ಈಸ್ ಗಾನ ಕಮ್’ ತಗೊಳ್ಳಿ. ಅದರ ಶಕ್ತಿ ಪೂರ್ತಿ ಸ್ಟುಡಿಯೋದ್ದು. ರೆನೆ ಹಾಲ್ ಮಾಡಿದ ವಾದ್ಯಸಂಯೋಜನೆ, ತಂತಿವಾದ್ಯಗಳು, ಆ ಫ್ರೆಂಚ್ ಹಾರ್ನ್, ಕೆಟಲ್ ಡ್ರಮ್ಮು. ಒಂದು ಸಿನಿಮಾದಷ್ಟು ಅಗಲ ಇದೆ. ದನಿ ಅದರ ನಡುವೆ ಒಂಟಿಯಾಗಿ ನಿಲ್ಲುತ್ತದೆ. ಕ್ಲಬ್ಬಿನಲ್ಲಿ ಸ್ಯಾಕ್ಸಫೋನು, ಎರಡು ಗಿಟಾರು ಇಟ್ಟುಕೊಂಡು ಅದನ್ನು ಹಾಡಿದರೆ ಆ ಒಂಟಿತನವೇ ಹೋಗುತ್ತದೆ. ಸುತ್ತ ಜನ ಕೂಗುತ್ತಿದ್ದರೆ ಇನ್ನೇನು ಉಳಿಯಿತು? ಕೆಲವು ಹಾಡಿಗೆ ಜನ ಬೇಡ.

ರೆಕಾರ್ಡ್‌ಪೆಟ್ಟಿಗೆ
ಒಂಟಿಕೊಪ್ಪಲ್ ಹೇಳಿದ ಹಾಡಿನ ಬಗ್ಗೆ ಒಂದು ನೋವಿನ ಸಂಗತಿ ಇದೆ. 1964ರ ಫೆಬ್ರವರಿ 7ರಂದು ‘ದ ಟುನೈಟ್ ಶೋ’ ಅನ್ನುವ ಟೀವಿ ಕಾರ್ಯಕ್ರಮದಲ್ಲಿ ಅವರು ಅದನ್ನು ಹಾಡಿದರು. ಆ ಟೇಪನ್ನು ವಾಹಿನಿಯವರು ಉಳಿಸಿಕೊಳ್ಳಲಿಲ್ಲ. ಎರಡೇ ದಿನಕ್ಕೆ ಬೀಟಲ್ಸ್ ಅಮೆರಿಕದ ಟೀವಿಗೆ ಬಂದರು, ಎಲ್ಲರ ಮಾತೂ ಆ ಕಡೆ ತಿರುಗಿತು. ವೇದಿಕೆಯಲ್ಲಿ ಆ ಹಾಡು ಹೇಗಾಗುತ್ತಿತ್ತು ಅನ್ನುವುದನ್ನು ನಾವು ಊಹಿಸಬೇಕಷ್ಟೆ.

ಹುಟ್ಟಿದ್ದು ಕೂಡ ಒಂದು ಅವಮಾನದಿಂದ. 1963ರ ಅಕ್ಟೋಬರ್‌ನಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಹೋಟೆಲಿನಲ್ಲಿ ಕೋಣೆ ಕೊಡಲಿಲ್ಲ. ಜಗಳ ಆಯಿತು, ಪೊಲೀಸರು ಹಿಡಿದುಕೊಂಡು ಹೋದರು.

ತಂಬೂರಿ
ಊಹಿಸಲು ಒಂದು ದಾರಿ ಇದೆ. ಅದೇ ಕಾಲದ ಇನ್ನೊಬ್ಬ ಕರಿಯ ಗಾಯಕ ಓಟಿಸ್ ರೆಡಿಂಗ್ 1965ರಲ್ಲಿ ‘ಓಟಿಸ್ ಬ್ಲೂ’ ಆಲ್ಬಮ್ಮಿನಲ್ಲಿ ಅದೇ ಹಾಡು ಹಾಡಿದ್ದಾರೆ. ತಂತಿವಾದ್ಯಗಳ ಮೇಳ ಇಲ್ಲ, ಸಣ್ಣ ತಂಡ, ಊದುವ ವಾದ್ಯಗಳು. ಒಂಟಿತನ ಹೋಗಿಲ್ಲ. ಬೇರೆ ತರದ ಒಂಟಿತನ ಬಂದಿದೆ.

ಒಂಟಿಕೊಪ್ಪಲ್
ಅದೂ ಸ್ಟುಡಿಯೋದಲ್ಲೇ ಹಾಡಿದ್ದು ಅಲ್ವಾ! ನನ್ನ ಮಾತಿಗೇ ಬಲ ಬಂತು.

ತಂಬೂರಿ
ಸ್ಟುಡಿಯೋ ಹೌದು. ಆದರೆ ಮೆಂಫಿಸ್‌ನ ಆ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು, ಒಟ್ಟಿಗೆ ನುಡಿಸಿ ರೆಕಾರ್ಡ್ ಮಾಡುತ್ತಿದ್ದರು. ಹಳೆಯ ಸಿನಿಮಾ ಟಾಕೀಸು ಅದು. ನೆಲ ಇಳಿಜಾರಾಗಿಯೇ ಇತ್ತು. ಅಲ್ಲಿ ಹಾಡಿದ್ದು ಅರ್ಧ ಲೈವ್ ಎಂದೇ ಲೆಕ್ಕ.

ಬಾಸುದೇವ
ಓಟಿಸ್ ಹೆಸರು ಬಂತು, ಇನ್ನು ಸುಮ್ಮನಿರಲಾರೆ. 1967ರ ಜೂನ್, ಕ್ಯಾಲಿಫೋರ್ನಿಯಾದ ಮಾಂಟೆರೇ ಪಾಪ್ ಉತ್ಸವ. ಬುಕರ್ ಟಿ ಮತ್ತು ಎಂಜಿಸ್ ತಂಡ ಜೊತೆಗೆ. ಸರಿರಾತ್ರಿ. ಮುಂದೆ ಕೂತವರು ಬಹುಪಾಲು ಬಿಳಿಯ ಹಿಪ್ಪಿ ಹುಡುಗರು. ಸೋಲ್ ಸಂಗೀತ, ಅಂದರೆ ಗಾಸ್ಪೆಲ್‌ನಿಂದ ಬೆಳೆದ ಕರಿಯರ ಈ ಹಾಡಿಕೆ, ಹತ್ತಿರದಿಂದ ಕೇಳಿದವರು ಕಡಿಮೆ. ಮೊದಲು ಹಾಡಿದ್ದು ಯಾವುದು ಗೊತ್ತಾ? ಸ್ಯಾಮ್ ಕುಕ್ ಅವರ ‘ಶೇಕ್’. ಕೊನೆಗೆ ತಾವೇ ಬರೆದ ‘ಟ್ರೈ ಅ ಲಿಟಲ್ ಟೆಂಡರ್‌ನೆಸ್’. ರೆಕಾರ್ಡಿನಲ್ಲಿ ಮೆಲ್ಲಗೆ ಶುರುವಾಗಿ ಕೊನೆಗೆ ಕುಣಿಯುವ ಹಾಡು ಅದು. ವೇದಿಕೆಯಲ್ಲಿ ಮುಗಿಯಿತು ಅಂದುಕೊಂಡರೆ ಮುಗಿಯುವುದಿಲ್ಲ, ಹೋದವರು ಮತ್ತೆ ಬರುತ್ತಾರೆ, ಡ್ರಮ್ಮು ಮತ್ತೆ ಹೊಡೆಯುತ್ತದೆ, ಜನ ಬಿಡುವುದಿಲ್ಲ.

ಆರು ತಿಂಗಳು ತುಂಬುವುದರೊಳಗೆ, ಡಿಸೆಂಬರ್ 10ರಂದು ಅವರ ವಿಮಾನ ವಿಸ್ಕಾನ್ಸಿನ್‌ನ ಸರೋವರಕ್ಕೆ ಬಿತ್ತು. ವಯಸ್ಸು 26. ಅದಕ್ಕೇ ಆ ವಿಡಿಯೊ ನನಗೆ ನೆಮ್ಮದಿಯಿಂದ ನೋಡಲು ಆಗುವುದಿಲ್ಲ.

ರೆಕಾರ್ಡ್‌ಪೆಟ್ಟಿಗೆ
ಒಂದು ತಿದ್ದುಪಡಿ. ‘ಟ್ರೈ ಅ ಲಿಟಲ್ ಟೆಂಡರ್‌ನೆಸ್’ ಓಟಿಸ್ ಬರೆದದ್ದಲ್ಲ. ಅದು 1932ರ ಹಾಡು, ಡ್ಯಾನ್ಸ್ ಆರ್ಕೆಸ್ಟ್ರಾ ಕಾಲದ್ದು. ಓಟಿಸ್ 1966ರಲ್ಲಿ ಹಾಡಿದರು. ಆದರೆ ಈಗ ಯಾರ ಹಾಡು ಅಂತ ಕೇಳಿದರೆ ಎಲ್ಲರೂ ಓಟಿಸ್ ಹೆಸರೇ ಹೇಳುತ್ತಾರೆ. ಅಷ್ಟರ ಮಟ್ಟಿಗೆ ಬಾಸುದೇವ ಅವರದು ತಪ್ಪಲ್ಲ.

ಬಾಸುದೇವ
ಒಪ್ಪಿದೆ. ಧನ್ಯವಾದ. ‘ರೆಸ್ಪೆಕ್ಟ್’ ಮಾತ್ರ ಅವರೇ ಬರೆದದ್ದು, ಅದರಲ್ಲಿ ಅನುಮಾನ ಇಲ್ಲ ತಾನೆ?

ರೆಕಾರ್ಡ್‌ಪೆಟ್ಟಿಗೆ
ಅನುಮಾನವೇ ಇಲ್ಲ. 1965ರಲ್ಲಿ ಬರೆದು ಹಾಡಿದರು. 1967ರಲ್ಲಿ ಸೋಲ್ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ ಅದನ್ನು ತಮ್ಮದು ಮಾಡಿಕೊಂಡರು. ಮಾಂಟೆರೇ ವೇದಿಕೆಯಲ್ಲಿ ಓಟಿಸ್ ‘ಒಬ್ಬ ಹುಡುಗಿ ನನ್ನಿಂದ ಕಿತ್ತುಕೊಂಡ ಹಾಡು’ ಅನ್ನುವ ಅರ್ಥದಲ್ಲಿ ಪ್ರೀತಿಯಿಂದ ಹೇಳಿಕೊಂಡೇ ಹಾಡಿದರು. ಆಗ ಅರೀಥಾ ಹಾಡು ದೇಶದಲ್ಲಿ ಮೊದಲ ಸ್ಥಾನ ಮುಟ್ಟಿ ಬಂದಿತ್ತು.

ಸುಮಾ ಕೆ
ಮೂಲ ಪ್ರಶ್ನೆಗೆ ಒಂದು ಪರೀಕ್ಷೆ ಹೇಳುತ್ತೇನೆ, ಎಲ್ಲರೂ ಮಾಡಿ ನೋಡಿ. ‘ಫಾರ್ ಸೆಂಟಿಮೆಂಟಲ್ ರೀಸನ್ಸ್’ ಅನ್ನುವ ಹಾಡು. ನ್ಯಾಟ್ ಕಿಂಗ್ ಕೋಲ್ ಹಾಡಿ ಹೆಸರು ಮಾಡಿದ್ದು. ಸ್ಯಾಮ್ ಕುಕ್ ಇದನ್ನು ಹಾರ್ಲೆಮ್ ಸ್ಕ್ವೇರ್‌ನಲ್ಲೂ ಹಾಡಿದ್ದಾರೆ, 1964ರ ಜುಲೈಯಲ್ಲಿ ನ್ಯೂಯಾರ್ಕಿನ ಕೋಪಾಕಬಾನಾ ಕ್ಲಬ್ಬಿನಲ್ಲೂ ಹಾಡಿದ್ದಾರೆ. ಎರಡೂ ಲೈವ್. ಹಾಡುವವನು ಒಬ್ಬನೇ, ನಡುವೆ ಬರೀ ಒಂದೂವರೆ ವರ್ಷ. ಹಾಗಾಗಿ ಸ್ಟುಡಿಯೋ ಮೇಲೋ ಲೈವ್ ಮೇಲೋ ಅನ್ನುವ ಜಗಳ ಇಲ್ಲಿ ಬರುವುದಿಲ್ಲ.

ಕೋಪಾದಲ್ಲಿ ಬಿಳಿಯರು ಊಟದ ಮೇಜಿನ ಮುಂದೆ ಕೂತಿದ್ದಾರೆ. ದೊಡ್ಡ ಆರ್ಕೆಸ್ಟ್ರಾ. ಹಾಡು ಅಚ್ಚುಕಟ್ಟು. ಅವರು ಹಾಡುತ್ತಾರೆ, ಇವರು ಚಪ್ಪಾಳೆ ತಟ್ಟುತ್ತಾರೆ. ಮಯಾಮಿಯಲ್ಲಿ ಅವರು ಅರ್ಧ ಸಾಲು ಹಾಡಿ ಬಿಡುತ್ತಾರೆ. ಉಳಿದರ್ಧ ಜನ ಹಾಡುತ್ತಾರೆ! ಅವರು ಹಾಗೆ ಬಿಡುವಾಗ ದನಿಯಲ್ಲಿ ನಗು ಇರುತ್ತದೆ. ಗಾಯಕ ನಿಲ್ಲಿಸಿದಾಗ ಹಾಡು ನಿಲ್ಲುವುದಿಲ್ಲ ಅನ್ನುವ ನಂಬಿಕೆ ಅದು.

ಈಗ ‘ಬ್ರಿಂಗ್ ಇಟ್ ಆನ್ ಹೋಮ್’ ರೆಕಾರ್ಡಿಗೆ ಬನ್ನಿ. 1962ರ ಆ ರೆಕಾರ್ಡಿನಲ್ಲಿ ಸ್ಯಾಮ್ ಜೊತೆ ಇನ್ನೊಂದು ದನಿ ಇದೆ, ಲೂ ರಾಲ್ಸ್ ಅವರದು. ಸ್ಯಾಮ್ ಒಂದು ಕೂಗು ಹಾಕುತ್ತಾರೆ, ಲೂ ಅದೇ ಕೂಗನ್ನು ವಾಪಸು ಕೊಡುತ್ತಾರೆ. ಮಯಾಮಿಯಲ್ಲಿ ಆ ಕೂಗನ್ನು ವಾಪಸು ಕೊಡುವವರು ಯಾರು? ಇಡೀ ಕ್ಲಬ್ಬು. ಒಬ್ಬ ಗೆಳೆಯನ ಜಾಗದಲ್ಲಿ ಒಂದು ಊರು ನಿಂತಿದೆ. ಕಡಲತಡಿ, ನೀವು ‘ಊರಿನ ಮುಂದೆ ನಿಂತು ಕೇಳಿಕೊಂಡ ಹಾಗೆ’ ಅಂದಿರಲ್ಲ, ಅದು ಬರೀ ಹೋಲಿಕೆ ಅಲ್ಲ. ಹಾಗೇ ನಡೆದಿದೆ.

ಕಡಲತಡಿ
ಸುಮಾ ಮೇಡಂ, ಇದು! ಇದೇ ನನಗೆ ಹಿಡಿಯಲು ಆಗದೆ ಇದ್ದದ್ದು. ರೆಕಾರ್ಡಿನಲ್ಲಿ ಎರಡನೇ ದನಿ ಇದೆ ಅಂತ ಗೊತ್ತಿತ್ತು. ಆ ಜಾಗ ಜನರಿಗೆ ಹೋಯಿತು ಅಂತ ಹೊಳೆದೇ ಇರಲಿಲ್ಲ.

ಹುಬ್ಬಳ್ಳಿಮಂದಿ
ಇದು ನಮಗೇನು ಹೊಸದಲ್ಲ ರೀ. ನಮ್ಮ ಕಡೆ ಭಜನೆಯಲ್ಲಿ ಹೀಗೇ. ಶಿಶುನಾಳ ಶರೀಫರ ತತ್ವಪದ ಹೇಳುವಾಗ ಮುಂದಿನವರು ಒಂದು ಸೊಲ್ಲು ಎತ್ತುತ್ತಾರೆ, ಹಿಂದಿನವರು ಎತ್ತಿಕೊಳ್ಳುತ್ತಾರೆ. ಏಕತಾರಿ, ದಮ್ಮಡಿ, ತಾಳ. ಮುಂದಿನವರು ಸುಸ್ತಾದರೂ ಪದ ನಿಲ್ಲುವುದಿಲ್ಲ. ನಮ್ಮಜ್ಜ ಪದ ಹೇಳುವಾಗ ಸಾಲಿನ ಕೊನೆಯ ಮಾತನ್ನು ಹೇಳುತ್ತಲೇ ಇರಲಿಲ್ಲ. ಅದು ಹಿಂದಿನವರ ಪಾಲು. ನಾನು ಹುಡುಗ ಇದ್ದಾಗ ಯಾಕಜ್ಜಾ ಅಂತ ಕೇಳಿದ್ದಕ್ಕೆ, ಎಲ್ಲಾ ನಾನೇ ಹೇಳಿದರೆ ಅವರು ಯಾಕೆ ಬರಬೇಕು ಅಂದಿದ್ದರು.

ಒಂಟಿಕೊಪ್ಪಲ್
ಅಜ್ಜನವರ ಮಾತು ತುಂಬಾ ಚೆನ್ನಾಗಿದೆ. ಆದರೆ ಎರಡಕ್ಕೂ ಮೂಲವೇ ಬೇರೆ. ಕರಿಯರ ಗಾಸ್ಪೆಲ್‌ನ ಬೇರು ಗುಲಾಮರ ಹೊಲದ ಹಾಡು, ಆಫ್ರಿಕಾದ ಹಾಡಿಕೆ, ಪಾದ್ರಿಯ ಪ್ರಸಂಗ. ಹೋಲಿಕೆ ಇದೆ ಅಂದಾಕ್ಷಣ ಎರಡೂ ಒಂದೇ ಅನ್ನಬಾರದು.

ಹುಬ್ಬಳ್ಳಿಮಂದಿ
ಒಂದೇ ಅಂತ ಎಲ್ಲಿ ಹೇಳಿದೆ ರೀ? ಕೇಳಿದ ಕೂಡಲೇ ಕಿವಿಗೆ ಗುರುತು ಸಿಕ್ಕಿತು ಅಂದೆ ಅಷ್ಟೆ.

ನ್ಯೂಜೆರ್ಸಿ ಕನ್ನಡತಿ
ಪಾದ್ರಿಯ ಪ್ರಸಂಗ ಅಂದಿದ್ದಕ್ಕೆ ಒಂದು ನೆನಪು. ಕೆಲಸದ ಜೊತೆಗಾತಿ ಒಬ್ಬರು ಒಂದು ಭಾನುವಾರ ತಮ್ಮ ಚರ್ಚಿಗೆ ಕರೆದುಕೊಂಡು ಹೋದರು. ನ್ಯೂವಾರ್ಕ್ ಕಡೆಯ ಸಣ್ಣ ಬ್ಯಾಪ್ಟಿಸ್ಟ್ ಚರ್ಚು. ಪಾದ್ರಿ ಮಾತಾಡಲು ಶುರು ಮಾಡಿದರು. ಹತ್ತು ನಿಮಿಷಕ್ಕೆ ಆರ್ಗನ್ ನುಡಿಸುವವರು ಅವರ ಮಾತಿನ ಸಂದಿಯಲ್ಲಿ ಒಂದೊಂದು ಸ್ವರ ಸೇರಿಸತೊಡಗಿದರು. ಮಾತು ಯಾವಾಗ ಹಾಡಾಯಿತು ಅಂತ ನನಗೆ ತಿಳಿಯಲೇ ಇಲ್ಲ. ಪಕ್ಕದ ಅಜ್ಜಿ ಕಣ್ಣು ಮುಚ್ಚಿ ಪ್ರತಿ ಸಾಲಿಗೂ ಉತ್ತರ ಕೊಡುತ್ತಿದ್ದರು. ಒಂದು ಕಡೆ ಪಾದ್ರಿ ತಡವರಿಸಿದರು. ಆಗ ಅಜ್ಜಿ ಇನ್ನೂ ಜೋರಾಗಿ ಉತ್ತರ ಕೊಟ್ಟರು. ಕೈ ಹಿಡಿದು ದಾಟಿಸಿದ ಹಾಗಿತ್ತು.

ಮನೆಗೆ ಬಂದು ಹಾರ್ಲೆಮ್ ಸ್ಕ್ವೇರ್ ಹಾಕಿದೆ. ‘ಬ್ರಿಂಗ್ ಇಟ್ ಆನ್ ಹೋಮ್’ ಶುರುವಾಗುವ ಮುಂಚೆ ಸ್ಯಾಮ್ ತನ್ನ ಹುಡುಗಿಗೆ ಫೋನ್ ಮಾಡುವ ಕಥೆ ಹೇಳುತ್ತಾರಲ್ಲ, ಅದರ ಅರ್ಥ ಆಗ ಆಯಿತು. ಅದು ಪ್ರಸಂಗದ ದಾರಿ. ಮಾತಿನಲ್ಲಿ ಜನರನ್ನು ಹತ್ತಿರ ಕರೆದು, ಬಿಸಿ ಏರಿಸಿ, ಆಮೇಲೆ ಹಾಡಿಗೆ ಇಳಿಯುವುದು. ರೆಕಾರ್ಡಿನಲ್ಲಿ ಇದಕ್ಕೆ ಜಾಗವೇ ಇಲ್ಲ.

ಗಿಟಾರ್‌ಗಿರಿ
ಒಂದು ಪಕ್ಕದ ವಿಷಯ. ಹಾರ್ಲೆಮ್ ಸ್ಕ್ವೇರ್‌ನಲ್ಲಿ ಗಿಟಾರ್ ನುಡಿಸಿದವರಲ್ಲಿ ಒಬ್ಬರು ಕಾರ್ನೆಲ್ ಡುಪ್ರೀ. ಸ್ಯಾಕ್ಸಫೋನ್ ನುಡಿಸುತ್ತಿದ್ದ ಕಿಂಗ್ ಕರ್ಟಿಸ್ ಅವರ ತಂಡದವರು. ಆಗ ಬರೀ ಇಪ್ಪತ್ತು ವರ್ಷದ ಹುಡುಗ. ಮುಂದೆ 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ವೆಸ್ಟ್ ಸಭಾಂಗಣದಲ್ಲಿ ನಡೆದ ಅರೀಥಾ ಅವರ ಕಾರ್ಯಕ್ರಮಗಳಲ್ಲಿ ಅವರೇ. 1972ರ ಜನವರಿಯಲ್ಲಿ ಅರೀಥಾ ಲಾಸ್ ಏಂಜಲೀಸ್‌ನ ಚರ್ಚಿನಲ್ಲಿ ಎರಡು ರಾತ್ರಿ ಹಾಡಿದ ‘ಅಮೇಜಿಂಗ್ ಗ್ರೇಸ್’ನಲ್ಲೂ ಅವರೇ. ಸೋಲ್ ಗಾಯಕ ಡಾನಿ ಹ್ಯಾಥವೇ ಅವರ ಲೈವ್ ಆಲ್ಬಮ್ಮಿನಲ್ಲೂ ಅವರೇ. ಎಲ್ಲಿಯೂ ಮುಂದೆ ಬರುವುದಿಲ್ಲ. ಗಾಯಕ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಎರಡು ಸ್ವರ ಹಾಕಿ ಸುಮ್ಮನಾಗುತ್ತಾರೆ. ಹಾಡು ಬದಲಾಗುವುದಕ್ಕೆ ಇಂಥವರೂ ಕಾರಣ. ಸ್ಟುಡಿಯೋದಲ್ಲಿ ಬರೆದಿಟ್ಟದ್ದನ್ನು ನುಡಿಸುವುದು ಬೇರೆ, ಈ ರಾತ್ರಿ ಗಾಯಕ ಎಲ್ಲಿ ಹೋಗುತ್ತಾನೆ ಅಂತ ನೋಡುತ್ತಾ ಹಿಂದೆ ಹೋಗುವುದು ಬೇರೆ.

ಬಾಸುದೇವ
ಗಿರಿ, ಡಾನಿ ಹ್ಯಾಥವೇ ಹೆಸರು ತೆಗೆದದ್ದು ಒಳ್ಳೆಯದಾಯಿತು. 1972ರ ಆ ‘ಲೈವ್’ ಆಲ್ಬಮ್ಮಿನಲ್ಲಿ ‘ಯು ಹ್ಯಾವ್ ಗಾಟ್ ಅ ಫ್ರೆಂಡ್’ ಇದೆ. ಕೆರೋಲ್ ಕಿಂಗ್ ಬರೆದ ಹಾಡು, ಹಿಂದಿನ ವರ್ಷವಷ್ಟೇ ಬಂದದ್ದು. ಡಾನಿ ಪಿಯಾನೊದಲ್ಲಿ ಮೊದಲ ಸ್ವರ ಒತ್ತುತ್ತಲೇ ಜನ ಕಿರುಚುತ್ತಾರೆ, ಪಲ್ಲವಿ ಬಂದಾಗ ಇಡೀ ಕ್ಲಬ್ಬು ಒಂದೇ ದನಿಯಲ್ಲಿ ಹಾಡುತ್ತದೆ. ಬರೆದಾಗ ಅದು ಒಬ್ಬ ಗೆಳೆಯ ಇನ್ನೊಬ್ಬನಿಗೆ ಹೇಳುವ ಮಾತು. ಇಲ್ಲಿ ಜನರೇ ಆ ಮಾತನ್ನು ಡಾನಿಗೆ ಹೇಳುತ್ತಿದ್ದಾರೆ. ಡಾನಿ ಮುಂದೆ ಮನಸ್ಸಿನ ಕಾಯಿಲೆಯಿಂದ ಎಷ್ಟು ನರಳಿದರು, 33ನೇ ವಯಸ್ಸಿಗೆ ಹೇಗೆ ಹೋದರು ಅನ್ನುವುದು ಗೊತ್ತಿದ್ದವರಿಗೆ ಅದನ್ನು ಕೇಳುವುದು ಕಷ್ಟ.

ಮತ್ತೆ ‘ವಾಯ್ಸಸ್ ಇನ್‌ಸೈಡ್’ನಲ್ಲಿ ವಿಲ್ಲಿ ವೀಕ್ಸ್ ನುಡಿಸಿದ ಬಾಸ್ ಸೋಲೋ! ಬಾಸ್ ಕಲಿಯುವ ಯಾರೇ ಇದ್ದರೂ ದಯವಿಟ್ಟು ಕೇಳಿ. ಎಷ್ಟು ನಿಧಾನ ಶುರು ಮಾಡುತ್ತಾರೆ ಗಮನಿಸಿ. ಆತುರವೇ ಇಲ್ಲ.

ವಿನಯ್ ಹಾಸನ
ಕಲಾವಿದರನ್ನು ಗೌರವಿಸುವ 2015ರ ಕೆನಡಿ ಸೆಂಟರ್ ಸಮಾರಂಭದಲ್ಲಿ ಅರೀಥಾ ಹಾಡಿದ ‘ನ್ಯಾಚುರಲ್ ವುಮನ್’ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ? ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. 73 ವರ್ಷ. ಪಿಯಾನೊ ಮುಂದೆ ತಾವೇ ಕೂತು ಶುರು ಮಾಡಿದರು. ಹಾಡು ಬರೆದವರಲ್ಲಿ ಒಬ್ಬರಾದ ಕೆರೋಲ್ ಕಿಂಗ್ ಮೇಲೆ ಬಾಲ್ಕನಿಯಲ್ಲಿ. ಒಬಾಮಾ ಕಣ್ಣೊರೆಸಿಕೊಂಡರು.

ಒಂಟಿಕೊಪ್ಪಲ್
ಅದೇ ನನಗೆ ಅನುಮಾನ. ಆ ವಿಡಿಯೊದಲ್ಲಿ ಕ್ಯಾಮೆರಾ ಪದೇ ಪದೇ ಒಬಾಮಾ ಕಡೆ, ಕೆರೋಲ್ ಕಡೆ ಹೋಗುತ್ತದೆ. ಅವರು ಅಳುವುದನ್ನು ನೋಡಿ ನಾವು ಅಳುತ್ತೇವೆ. ಹಾಡು ಬದಲಾಗಿದೆಯೇ ಅಂತ ತಿಳಿಯಬೇಕಾದರೆ ಪರದೆ ಮುಚ್ಚಿ ಬರೀ ಕೇಳಬೇಕು. 1967ರ ರೆಕಾರ್ಡಿನ ಪಕ್ಕದಲ್ಲಿ ಇಟ್ಟು ಕೇಳಿ.

ವಿನಯ್ ಹಾಸನ
ಕೇಳಿದ್ದೇನೆ ಸರ್, ಕಣ್ಣು ಮುಚ್ಚಿಯೇ ಕೇಳಿದ್ದೇನೆ. 67ರ ರೆಕಾರ್ಡಿನಲ್ಲಿ ಅರೀಥಾಗೆ 25 ವರ್ಷ. ಪ್ರೀತಿ ಈಗ ತಾನೇ ಸಿಕ್ಕ ಹುಡುಗಿಯ ದನಿ. 2015ರಲ್ಲಿ ಅದೇ ಮಾತುಗಳಿಗೆ ಹಿಂದೆ ತಿರುಗಿ ನೋಡುವ ದನಿ ಬಂದಿದೆ. ಸಾಲುಗಳನ್ನು ಹಿಗ್ಗಿಸುತ್ತಾರೆ, ತಡ ಮಾಡಿ ಹಿಡಿಯುತ್ತಾರೆ, ಕೊನೆಯಲ್ಲಿ ಪಿಯಾನೊ ಬಿಟ್ಟು ಎದ್ದು ಬಂದು ಚರ್ಚಿನಲ್ಲಿ ಹಾಡುವ ಹಾಗೆಯೇ ಏರಿಸುತ್ತಾರೆ. ಆ ತುಪ್ಪುಳಿನ ಕೋಟು ಜಾರಿಸಿ ಬಿಟ್ಟಾಗ ಸಭೆ ಎದ್ದು ನಿಂತಿತು ನಿಜ. ಕೋಟು ತೆಗೆದುಹಾಕಿ ಕೇಳಿದರೂ ಆ ಏರಿಕೆ ಅಲ್ಲೇ ಇರುತ್ತದೆ.

ಒಂಟಿಕೊಪ್ಪಲ್
ಇವತ್ತು ರಾತ್ರಿ ಹಾಗೇ ಕೇಳಿ ನೋಡುತ್ತೇನೆ. ತಪ್ಪಿದ್ದರೆ ಬಂದು ಹೇಳುತ್ತೇನೆ.

ಸೌಂಡ್‌ಚೆಕ್
ಇಷ್ಟೆಲ್ಲ ಹೇಳುವಾಗ ಇನ್ನೊಂದು ಕಡೆಯನ್ನೂ ಹೇಳಬೇಕು. ಜನ ಇದ್ದಾಕ್ಷಣ ಹಾಡು ಏಳುವುದಿಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಪಬ್ಬಿನಲ್ಲಿ ಸೋಲ್ ಹಾಡುಗಳ ಸಂಜೆಗೆ ಸೌಂಡ್ ಮಾಡಿದ್ದೆ. ಹುಡುಗಿ ಬಹಳ ಚೆನ್ನಾಗಿ ಹಾಡುತ್ತಿದ್ದಳು. ಮುಂದಿನ ಮೇಜಿನವರು ಟೀವಿಯಲ್ಲಿ ಮ್ಯಾಚು ನೋಡುತ್ತಿದ್ದರು. ಸದ್ದು ಬಂದ್ ಮಾಡಿ ಅಂತ ಎರಡು ಸಲ ಕೇಳಿದೆವು, ಮಾಲೀಕರು ಒಪ್ಪಲಿಲ್ಲ. ಹುಡುಗಿ ಜನರ ಕಡೆ ಸಾಲು ಬಿಟ್ಟಳು. ಯಾರೂ ಎತ್ತಿಕೊಳ್ಳಲಿಲ್ಲ. ಆ ಎರಡು ಸೆಕೆಂಡಿನ ಮೌನ ನನ್ನ ಹೆಡ್‌ಫೋನಿನಲ್ಲಿ ಈಗಲೂ ಇದೆ. ಆಮೇಲೆ ಅವಳು ಎಲ್ಲ ಸಾಲನ್ನೂ ತಾನೇ ಹಾಡಿದಳು, ರೆಕಾರ್ಡಿನ ಹಾಗೆಯೇ, ಒಂದೂ ತಪ್ಪಿಲ್ಲದೆ.

ಸುಮಾ ಕೆ
ಓದಿ ಸಂಕಟ ಆಯಿತು. ಆ ಹುಡುಗಿ ಈಗಲೂ ಹಾಡುತ್ತಾಳಾ?

ಸೌಂಡ್‌ಚೆಕ್
ಹಾಡುತ್ತಾಳೆ. ಸಣ್ಣ ಸಭಾಂಗಣಗಳಲ್ಲಿ ಮಾತ್ರ, ಟಿಕೆಟ್ ಇಟ್ಟು. ಮುಂದಿನ ಸಲ ಇದ್ದಾಗ ಇಲ್ಲಿ ಹಾಕುತ್ತೇನೆ, ಎಲ್ಲರೂ ಬನ್ನಿ.

ತಂಬೂರಿ
ಖಂಡಿತ ಬರುತ್ತೇನೆ. ಪಬ್ಬಿನ ಕಥೆ ಓದಿ ಕೋಪಾ ನೆನಪಾಯಿತು. ಇಲ್ಲಿ ಎಲ್ಲರೂ ಕೋಪಾ ಆಲ್ಬಮ್ಮನ್ನು ಸಪ್ಪೆ ಅನ್ನುವ ಹಾಗೆ ಪಕ್ಕಕ್ಕೆ ಇಟ್ಟಿದ್ದೀರಿ. ಸ್ಯಾಮ್ 1958ರಲ್ಲಿ ಅದೇ ಕೋಪಾದಲ್ಲಿ ಹಾಡಿ ಸೋತಿದ್ದರು. ಆ ಜನ ಅವರನ್ನು ಒಪ್ಪಿರಲಿಲ್ಲ. ಆರು ವರ್ಷ ಬಿಟ್ಟು ಮತ್ತೆ ಹೋಗಿ ಗೆದ್ದರು. ಎತ್ತಿಕೊಳ್ಳದ ಜನರ ಮುಂದೆ ಹೇಗೆ ಹಾಡಬೇಕು ಅನ್ನುವುದನ್ನು ಕಲಿತೇ ಹೋಗಿದ್ದರು. ಮತ್ತೆ, ಆ ಕೋಪಾ ಮೆಡ್ಲಿಯಲ್ಲಿ (ಹಾಡುಗಳನ್ನು ಒಂದಕ್ಕೊಂದು ಪೋಣಿಸಿ ಹಾಡುವುದು) ಮೊದಲು ಬರುವ ಹಾಡು ಯಾವುದು ನೋಡಿ. ‘ಟ್ರೈ ಅ ಲಿಟಲ್ ಟೆಂಡರ್‌ನೆಸ್’! ಓಟಿಸ್ ಹಾಡಿದ್ದಕ್ಕೆ ಎರಡು ವರ್ಷ ಮುಂಚೆ.

ಬಾಸುದೇವ
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಈಗಲೇ ಹುಡುಕುತ್ತೇನೆ.

ಗಿಟಾರ್‌ಗಿರಿ
ನಮ್ಮಲ್ಲಿ ಇದಕ್ಕೆ ಹತ್ತಿರ ಅಂದರೆ ನನಗೆ ಸಿ. ಅಶ್ವತ್ಥ್ ಅವರೇ ನೆನಪಾಗುವುದು. ಅರಮನೆ ಮೈದಾನದ ‘ಕನ್ನಡವೇ ಸತ್ಯ’ಕ್ಕೆ ಅಪ್ಪನ ಹೆಗಲ ಮೇಲೆ ಕೂತು ಹೋಗಿದ್ದೆ. ಕ್ಯಾಸೆಟ್ಟಿನಲ್ಲಿ ಕೇಳಿದ ಹಾಡುಗಳೇ. ಅಲ್ಲಿ ಅವರು ಕೈ ಎತ್ತಿದರೆ ಮೈದಾನ ಹಾಡುತ್ತಿತ್ತು.

ಹುಬ್ಬಳ್ಳಿಮಂದಿ
ಅಶ್ವತ್ಥ್ ಅವರ ಬಗ್ಗೆ ಬೇರೆ ಎಳೆ ಶುರು ಮಾಡಿ ರೀ, ಅಲ್ಲಿ ನನಗೂ ಬಹಳ ಹೇಳುವುದಿದೆ.

ಒಂಟಿಕೊಪ್ಪಲ್
ವಿನಯ್, ಪರದೆ ಮುಚ್ಚಿ ಕೇಳಿದೆ. ನೀವು ಹೇಳಿದ್ದು ಸರಿ. ಅರೀಥಾ ಆ ಎರಡನೇ ಚರಣದಲ್ಲಿ ಸಾಲು ಹಿಡಿಯಲು ಎಷ್ಟು ಕಾಯಿಸುತ್ತಾರೆ! ಕ್ಯಾಮೆರಾ ಬೇಕಿಲ್ಲ. ‘ಚೇಂಜ್’ ಹಾಡಿನ ವಿಷಯದಲ್ಲಿ ಮಾತ್ರ ನನ್ನ ಮಾತು ನನ್ನದೇ. ಅದಕ್ಕೆ ಜನ ಬೇಡ.

ಕಡಲತಡಿ
ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ಊರಿಗೆ ಬಂದೆ. ಸಂಜೆ ಜಗುಲಿಯಲ್ಲಿ ಕೂತು ಸ್ಪೀಕರಿನಲ್ಲಿ ಮೊದಲು ರೆಕಾರ್ಡ್ ಹಾಕಿದೆ, ಆಮೇಲೆ ಹಾರ್ಲೆಮ್ ಸ್ಕ್ವೇರ್. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಮದುವೆ ಮನೆಗಳಲ್ಲಿ ಶೋಭಾನೆ ಹೇಳಲು ಈಗಲೂ ಕರೆಯುತ್ತಾರೆ ಅವರನ್ನು. ರೆಕಾರ್ಡ್ ನಡೆಯುವಾಗ ಒಳಗೆ ಪಾತ್ರೆ ತೊಳೆಯುವ ಸದ್ದು ಬರುತ್ತಲೇ ಇತ್ತು. ಎರಡನೆಯದು ಶುರುವಾಗಿ ಜನ ಕೂಗಿದಾಗ ನಲ್ಲಿ ನಿಂತಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು, ‘ಯಾರ ಮನೆ ಮದುವೆ ಮಗಾ ಇದು?’ ಅಂದರು. ಹಾಡು ಮುಗಿಯುವ ತನಕ ಅಲ್ಲೇ ನಿಂತಿದ್ದರು.

ಸುಮಾ ಕೆ
ಅಮ್ಮನಿಗೆ ‘ಸೆಂಟಿಮೆಂಟಲ್ ರೀಸನ್ಸ್’ ಕೇಳಿಸಿ. ಮಯಾಮಿಯದ್ದೇ.